ಓದಿದ ಕಾದಂಬರಿ, ಆತ್ಮಕಥನಗಳ ಬಗ್ಗೆ ಅನಿಸಿಕೆ ಬರೆಯುವ ಬಗೆ

ಕಾದಂಬರಿಯೊಂದನ್ನು ಆಗಷ್ಟೇ ಓದಿ ಮುಗಿಸಿದವರನ್ನು ‘ಹೇಗಿದೆ?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ‘ತುಂಬ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ’ ಎಂಬ ಒಂದು ಸಾಲಿನ ಉತ್ತರ ಒಂದು. ಮೊದಲ ಅಧ್ಯಾಯದಿಂದ ಕೊನೆಯ ಅಧ್ಯಾಯದವರೆಗೆ ಕಥೆಯನ್ನು ಒಪ್ಪಿಸುವುದು ಇನ್ನೊಂದು. ಮೊದಲನೆಯದರಲ್ಲಿ ಪುಸ್ತಕ ಕಾಣುವುದಿಲ್ಲ, ಎರಡನೆಯದರಲ್ಲಿ ಓದಿದವರು ಕಾಣುವುದಿಲ್ಲ. ಬರೆಯಲು ಕುಳಿತಾಗಲೂ ಹೆಚ್ಚಿನವರು ಈ ಎರಡರಲ್ಲೊಂದಕ್ಕೆ ಜಾರುತ್ತಾರೆ. ಕಥಾಸಾರವನ್ನೇ ಮುಕ್ಕಾಲು ಪಾಲು ಬರೆದು, ಕೊನೆಗೆ ಹೊಗಳಿಕೆಯ ಒಂದು ಸಾಲನ್ನು ಅಂಟಿಸಿ ಎರಡನ್ನೂ ಒಟ್ಟಿಗೆ ಸಾಧಿಸುವವರೂ ಇದ್ದಾರೆ.

ಸ್ವಂತ ಅನಿಸಿಕೆಯ ಬರಹಕ್ಕೆ ಬೇಕಾಗಿರುವುದು ಪುಸ್ತಕದ ಯಾವ ಜಾಗದಲ್ಲಿ ನಮಗೆ ಏನಾಯಿತು ಎಂಬ ವಿವರ. ವಿಮರ್ಶಕರ ಹಾಗೆ ಕೃತಿಯನ್ನು ಸಾಹಿತ್ಯ ಚರಿತ್ರೆಯಲ್ಲಿಟ್ಟು ನೋಡುವ, ಅದರ ಬೆಲೆಯನ್ನು ತೀರ್ಮಾನಿಸುವ ಹೊಣೆ ಸಾಮಾನ್ಯ ಓದುಗರ ಮೇಲಿಲ್ಲ. ಆದರೆ ಒಂದು ಹೊಣೆಯಿಂದ ಅವರಿಗೂ ಬಿಡುಗಡೆಯಿಲ್ಲ: ತಮಗೆ ಬೇಸರವಾಯಿತೆಂದರೆ ಎಲ್ಲಿ ಬೇಸರವಾಯಿತು, ಕಣ್ಣು ತುಂಬಿತೆಂದರೆ ಯಾವ ಮಾತಿಗೆ ತುಂಬಿತು ಎಂದು ತೋರಿಸಬೇಕು. ಅನಿಸಿಕೆಯನ್ನು ಅದು ಹುಟ್ಟಿದ ಪುಟಕ್ಕೆ ಕಟ್ಟಿಹಾಕಿದರೆ, ಅದೇ ಪುಸ್ತಕವನ್ನು ಓದಿರುವ ಇನ್ನೊಬ್ಬರು ಒಪ್ಪುವುದಕ್ಕೂ ಜಗಳವಾಡುವುದಕ್ಕೂ ಆಧಾರ ಸಿಗುತ್ತದೆ. ಕಟ್ಟಿಹಾಕದೆ ಬಿಟ್ಟರೆ ಅದು ನಮ್ಮ ಆ ದಿನದ ಮನಃಸ್ಥಿತಿಯ ವರದಿಯಾಗಿ ಉಳಿಯುತ್ತದೆ. ಮುಂದೆ ಹೇಳುವುದೆಲ್ಲ ಹೀಗೆ ಕಟ್ಟುವ ಕೆಲಸವನ್ನು ಕುರಿತದ್ದು.

ಓದುತ್ತಿರುವಾಗ

ಈ ಕೆಲಸ ಪುಸ್ತಕ ಮುಗಿದ ಮೇಲೆ ಶುರುವಾಗುವುದಲ್ಲ. ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ಪುಸ್ತಕ ಎರವಲು ತಂದದ್ದಾದರೆ ಪುಟಗುರುತಿಗೆ ಇಟ್ಟುಕೊಂಡ ಉದ್ದನೆಯ ಚೀಟಿಯೇ ಸಾಕು. ಅದರ ಮೇಲೆ ಪುಟದ ಸಂಖ್ಯೆ, ಅದರ ಮುಂದೆ ಎರಡು ಮೂರು ಪದ ಬರೆದುಕೊಳ್ಳಬೇಕು. ಅದಕ್ಕಿಂತ ಹೆಚ್ಚು ಬರೆಯಲು ಹೋದರೆ ಓದು ಕೆಡುತ್ತದೆ. ಸುಂದರವಾದ ಸಾಲುಗಳಿಗೆ ಗೆರೆ ಎಳೆಯುವ ಅಭ್ಯಾಸ ಬಹಳ ಮಂದಿಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅನಿಸಿಕೆ ಬರೆಯುವವರಿಗೆ ಗೆರೆ ಎಳೆದ ಸಾಲುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಓದಿನ ನಡೆಯಲ್ಲಿ ಆದ ಏರುಪೇರುಗಳ ಗುರುತು. ಎಲ್ಲಿ ಓದುವುದನ್ನು ನಿಲ್ಲಿಸಿ ತಲೆ ಎತ್ತಿದಿರಿ, ಎಲ್ಲಿ ಏನೋ ತಪ್ಪಿಹೋಯಿತೆಂದು ಹಿಂದಿನ ಪುಟಕ್ಕೆ ಹೋದಿರಿ, ಎಲ್ಲಿ ವರ್ಣನೆಯನ್ನು ಹಾರಿಸಿ ಸಂಭಾಷಣೆಗೆ ಕಣ್ಣು ಹಾಯಿಸಿದಿರಿ, ಯಾವ ಎರಡು ಪಾತ್ರಗಳ ಹೆಸರು ಕಲಸಿಹೋಯಿತು, ಯಾವ ಮಾತನ್ನು ನಂಬಲಾಗಲಿಲ್ಲ ಎಂಬುದನ್ನೆಲ್ಲ ಗುರುತು ಮಾಡಿಕೊಂಡಿರಬೇಕು. ಹಾರಿಸಿದ ಪುಟಗಳನ್ನು ಬರೆದುಕೊಳ್ಳಲು ನಾಚಿಕೆಪಡಬೇಕಾಗಿಲ್ಲ. ಅಲ್ಲಿ ಲೇಖಕರು ಎಡವಿದ್ದಾರೋ ನಮ್ಮ ತಾಳ್ಮೆ ಎಡವಿದೆಯೋ ಎಂದು ಆಮೇಲೆ ನೋಡಲು ಅವಕಾಶವಿರುತ್ತದೆ.

ಪುಸ್ತಕದ ಮೂರನೆಯ ಒಂದು ಭಾಗ ಮುಗಿದಾಗ ಒಮ್ಮೆ ನಿಂತು, ಮುಂದೇನಾಗಬಹುದೆಂಬ ನಿಮ್ಮ ಊಹೆಯನ್ನು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕೊನೆ ಗೊತ್ತಾದ ಮೇಲೆ ಅದು ಹಾಗೆಯೇ ಆಗುವುದೆಂದು ಮೊದಲಿನಿಂದಲೂ ತಿಳಿದಿತ್ತು ಎಂದು ಮನಸ್ಸು ತನ್ನನ್ನು ತಾನೇ ನಂಬಿಸಿಕೊಂಡುಬಿಡುತ್ತದೆ. ಊಹೆ ಸುಳ್ಳಾದ ಜಾಗ ಸಾಮಾನ್ಯವಾಗಿ ಕಾದಂಬರಿಯ ಹೆಣಿಗೆ ಬಿಗಿಯಾಗಿರುವ ಜಾಗ. ಬರೆಯಲು ಒಳ್ಳೆಯ ವಸ್ತು ಅಲ್ಲಿ ಸಿಗುತ್ತದೆ.

ಪರದೆಯ ಮೇಲೆ ಓದುವವರು ಗುರುತು ಹಾಕುವ ಸೌಲಭ್ಯವನ್ನು ಬಳಸಬಹುದು. ಆದರೆ ಬೆರಳಿನ ಒಂದು ತಾಗುವಿಕೆಗೆ ಸಾಲುಗಳು ಬಣ್ಣ ಬಳಿದುಕೊಳ್ಳುವುದರಿಂದ ಗುರುತುಗಳು ಬೇಡದಷ್ಟು ಆಗಿ, ಯಾವುದನ್ನು ಏಕೆ ಗುರುತಿಸಿದೆವೆಂಬುದೇ ಮರೆತುಹೋಗುತ್ತದೆ. ಕೇಳುವ ಪುಸ್ತಕವಾದರೆ ವಾಚಕರ ದನಿ ಪಾತ್ರಗಳಿಗೆ ಬಣ್ಣ ಕೊಟ್ಟಿರುತ್ತದೆ. ಬರಹದಲ್ಲಿ ಅದನ್ನು ಹೇಳಿಬಿಡುವುದು ನ್ಯಾಯ.

ಮುಗಿಸಿದ ದಿನ, ಆಮೇಲಿನ ದಿನಗಳು

ಮೊದಲ ಟಿಪ್ಪಣಿಯನ್ನು ಪುಸ್ತಕ ಮುಗಿಸಿದ ದಿನವೇ ಬರೆಯಬೇಕು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆಂಬುದು ಅವನು ಕಂಡುಕೊಂಡದ್ದು. ಕಾದಂಬರಿ ಅರ್ಥವಿಲ್ಲದ ಅಕ್ಷರಗಳ ಸಾಲಲ್ಲವಾದ್ದರಿಂದ ಕಥೆಯೇನೋ ತಿಂಗಳುಗಟ್ಟಲೆ ನೆನಪಿರುತ್ತದೆ. ಆದರೆ ಇಪ್ಪತ್ತನೆಯ ಪುಟದಲ್ಲಿ ಸುಮ್ಮನೆ ಹುಟ್ಟಿದ ಸಣ್ಣ ಕಿರಿಕಿರಿ, ಒಂದು ಅಧ್ಯಾಯದ ಕೊನೆಯ ಸಾಲಿಗೆ ತುಟಿಯಂಚಿನಲ್ಲಿ ಬಂದುಹೋದ ನಗು, ಇಂತಹವಕ್ಕೆ ಕಥೆಯ ಆಸರೆಯಿಲ್ಲದಿರುವುದರಿಂದ ಅವು ಬೇಗ ಅಳಿಸಿಹೋಗುತ್ತವೆ. ಸ್ವಂತ ಅನಿಸಿಕೆಯಲ್ಲಿ ‘ಸ್ವಂತ’ ಎನ್ನಿಸಿಕೊಳ್ಳುವುದು ಬಹುಪಾಲು ಇವೇ.

ಈ ಟಿಪ್ಪಣಿ ಬರೆಯುವವರೆಗೆ ಮುನ್ನುಡಿ, ಬೆನ್ನುಡಿ, ಇತರರ ಅಭಿಪ್ರಾಯ ಯಾವುದನ್ನೂ ಓದಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅವು ತಪ್ಪು ಹೇಳುತ್ತವೆಂದಲ್ಲ. ಅನೇಕ ಸಲ ನಮಗಿಂತ ಚೆನ್ನಾಗಿ ಹೇಳುತ್ತವೆ, ತೊಂದರೆ ಇರುವುದೇ ಅಲ್ಲಿ. ಪರಿಣತರೊಬ್ಬರ ಮಾತು ಒಮ್ಮೆ ಕಿವಿಗೆ ಬಿದ್ದರೆ ನಮ್ಮ ತೊದಲು ಅಲ್ಲಿಗೆ ಸುಮ್ಮನಾಗುತ್ತದೆ. ಮೊದಲು ತೊದಲಿ ಮುಗಿಸಿ, ಆಮೇಲೆ ಮುನ್ನುಡಿಯನ್ನು ಓದಿದರೆ ಅದು ಎದುರು ಕುಳಿತು ಮಾತನಾಡುವ ಇನ್ನೊಬ್ಬ ಓದುಗರಂತೆ ಕಾಣುತ್ತದೆ, ಜಗಳವಾಡಲೂ ಧೈರ್ಯ ಬರುತ್ತದೆ.

ಬಳಿಕ ನಾಲ್ಕಾರು ದಿನ ಬಿಟ್ಟು, ಟಿಪ್ಪಣಿಯನ್ನು ನೋಡದೆಯೇ, ಪುಸ್ತಕದಲ್ಲಿ ಏನೇನು ಉಳಿದಿದೆಯೆಂದು ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ, ಓದುವಾಗ ಉಸಿರು ಬಿಗಿಹಿಡಿಸಿದ ಘಟನೆ ಎರಡನೆಯ ಹಾಳೆಯಲ್ಲಿ ಇಲ್ಲದಿರುವುದು, ಆಗ ಗಮನಕ್ಕೇ ಬಾರದಿದ್ದ ಒಂದು ಸಣ್ಣ ಪಾತ್ರ ಅಲ್ಲಿ ಬಂದು ಕುಳಿತಿರುವುದು ಕಾಣಿಸಬಹುದು. ಈ ವ್ಯತ್ಯಾಸ ಏಕಾಯಿತೆಂದು ಕೇಳಿಕೊಂಡರೆ ಅನೇಕ ವೇಳೆ ಬರಹದ ವಸ್ತು ತಾನಾಗಿಯೇ ಸಿಗುತ್ತದೆ.

ಒಂದೇ ಪ್ರಶ್ನೆಯನ್ನು ಹಿಡಿಯುವುದು

ವಸ್ತು, ಪಾತ್ರ, ಭಾಷೆ, ತಂತ್ರ, ಸಂದೇಶ ಎಂದು ಐದು ಖಾನೆಗಳನ್ನು ಮಾಡಿಕೊಂಡು ಒಂದೊಂದಕ್ಕೂ ಒಂದೊಂದು ಪ್ಯಾರಾ ತುಂಬುವುದು ಪರೀಕ್ಷೆಯ ಉತ್ತರಪತ್ರಿಕೆಯಿಂದ ಬಂದ ರೂಢಿ. ಅಂತಹ ಬರಹವನ್ನು ಯಾವ ಪುಸ್ತಕಕ್ಕೆ ಬೇಕಾದರೂ ಹೊಂದಿಸಬಹುದು. ಆದ್ದರಿಂದಲೇ ಅದು ಯಾವ ಪುಸ್ತಕಕ್ಕೂ ಸೇರಿದ್ದಲ್ಲ. ಅದರ ಬದಲು ಟಿಪ್ಪಣಿಗಳನ್ನು ಹರಡಿಕೊಂಡು, ಹೆಚ್ಚಿನ ಗುರುತುಗಳು ಯಾವ ಸಂಗತಿಯ ಸುತ್ತ ಗುಂಪಾಗಿವೆಯೆಂದು ನೋಡಿ, ಅದನ್ನೊಂದು ಪ್ರಶ್ನೆಯಾಗಿ ಬರೆದುಕೊಳ್ಳಬೇಕು. ಇಷ್ಟು ಕೆಟ್ಟವನಾದ ಈ ಮುದುಕನನ್ನು ನಾನೇಕೆ ದ್ವೇಷಿಸಲಿಲ್ಲ? ಮದುವೆಯ ಇಡೀ ಪ್ರಕರಣ ನನಗೇಕೆ ಹುಸಿಯೆನಿಸಿತು? ಇಂತಹ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಪಾತ್ರ, ಭಾಷೆ, ತಂತ್ರಗಳ ವಿಚಾರ ಅಗತ್ಯವಿದ್ದಷ್ಟು ಅದರೊಳಗೇ ಬರುತ್ತದೆ. ಬಾರದೆ ಉಳಿದದ್ದನ್ನು ಬಿಟ್ಟುಬಿಡುವುದೇ ಸರಿ.

ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಮನೆ ಬಿಟ್ಟುಹೋದ ಅಕ್ಕನ ಕಥೆಯನ್ನು ಅವಳ ತಂಗಿ ಹೇಳುವ ಒಂದು ಕಾದಂಬರಿ ಇದೆಯೆಂದು ಇಟ್ಟುಕೊಳ್ಳಿ. ಇದು ವಿವರಣೆಗಾಗಿ ಹೆಣೆದದ್ದು, ಇಂತಹ ಪುಸ್ತಕವನ್ನು ಹುಡುಕಬೇಡಿ. ಮೊದಲ ಕರಡಿನಲ್ಲಿ ಓದುಗರೊಬ್ಬರು ಹೀಗೆ ಬರೆಯುತ್ತಾರೆ: ‘ಅಕ್ಕನ ಪಾತ್ರ ಮನಮುಟ್ಟುವಂತಿದೆ. ಲೇಖಕಿಯ ನಿರೂಪಣಾ ಶೈಲಿ ಅದ್ಭುತವಾಗಿದ್ದು ಓದುಗರನ್ನು ಹಿಡಿದಿಡುತ್ತದೆ.’ ಈ ಎರಡು ವಾಕ್ಯಗಳಲ್ಲಿ ಸುಳ್ಳಿಲ್ಲ, ಸುದ್ದಿಯೂ ಇಲ್ಲ. ಟಿಪ್ಪಣಿಯ ಚೀಟಿಯನ್ನು ನೋಡಿಕೊಂಡು ಅದನ್ನೇ ತಿದ್ದಿದರೆ ಹೀಗಾಗಬಹುದು: ‘ಅಕ್ಕ ಹೊರಟುಹೋದ ರಾತ್ರಿಯನ್ನು ತಂಗಿ ಮೂರು ಸಲ ಹೇಳುತ್ತಾಳೆ. ಮೊದಲ ಸಲ ಬಾಗಿಲು ತೆರೆದಿತ್ತು ಎನ್ನುತ್ತಾಳೆ, ಎರಡನೆಯ ಸಲ ಅರ್ಧ ಮುಚ್ಚಿತ್ತು ಎನ್ನುತ್ತಾಳೆ, ಮೂರನೆಯ ಸಲ ಒಳಗಿನಿಂದ ಚಿಲಕ ಹಾಕಿದ್ದು ತಾನೇ ಎಂದು ಹೇಳುತ್ತಾಳೆ. ಅಲ್ಲಿ ಓದು ನಿಲ್ಲಿಸಿ ಮೊದಲೆರಡು ಪ್ರಸಂಗಗಳನ್ನು ಹುಡುಕಿಕೊಂಡು ಹಿಂದೆ ಹೋದೆ. ನೂರೈವತ್ತು ಪುಟಗಳುದ್ದಕ್ಕೂ ಅಕ್ಕನ ಮೇಲಿದ್ದ ನನ್ನ ಸಿಟ್ಟು ಆ ಚಿಲಕದ ಮಾತಿನಿಂದ ತಂಗಿಯ ಕಡೆಗೆ ತಿರುಗಿತು.’ ಎರಡನೆಯ ಬರಹದಲ್ಲಿ ‘ಅದ್ಭುತ’ ಎಂಬ ಪದವಿಲ್ಲ. ಆದರೆ ಲೇಖಕಿ ಮಾಡಿರುವ ಕೆಲಸ ಏನೆಂಬುದು ಕಾಣುತ್ತದೆ, ಅದು ಓದಿದವರೊಬ್ಬರ ಮೇಲೆ ಏನು ಮಾಡಿತೆಂಬುದೂ ಕಾಣುತ್ತದೆ. ‘ಮನಮುಟ್ಟುವ’, ‘ವಿಶಿಷ್ಟ’, ‘ಓದಲೇಬೇಕಾದ’, ‘ಕಣ್ಣಿಗೆ ಕಟ್ಟುವಂತೆ’ ಎಂಬ ಮಾತುಗಳು ಕರಡಿನಲ್ಲಿ ಬಂದರೆ ಅವನ್ನು ಹೊಡೆದುಹಾಕುವ ಅವಸರ ಬೇಡ. ಇಲ್ಲಿ ಏನೋ ಹೇಳುವುದಿದೆ, ಇನ್ನೂ ಹೇಳಿಲ್ಲ ಎಂಬ ಸೂಚನೆಯೆಂದು ತಿಳಿದು, ಆ ಜಾಗಕ್ಕೆ ಪುಸ್ತಕದಿಂದ ಒಂದು ವಿವರವನ್ನು ತರಬೇಕು.

ಕಥೆಯನ್ನು ಎಷ್ಟು ಹೇಳಬೇಕೆಂಬುದಕ್ಕೂ ಇದೇ ಅಳತೆ. ನಿಮ್ಮ ಪ್ರಶ್ನೆ ಅರ್ಥವಾಗುವುದಕ್ಕೆ ಬೇಕಾದಷ್ಟು ಕಥೆ ಸಾಕು. ಸಾಮಾನ್ಯವಾಗಿ ಅದು ನಾಲ್ಕೈದು ವಾಕ್ಯಗಳನ್ನು ಮೀರುವುದಿಲ್ಲ. ಮುಖ್ಯ ತಿರುವನ್ನು ಬಿಟ್ಟುಕೊಡದೆ ನಿಮ್ಮ ಮಾತು ನಿಲ್ಲುವುದೇ ಇಲ್ಲವೆಂದಾದರೆ, ಮೊದಲೇ ಒಂದು ವಾಕ್ಯದಲ್ಲಿ ಎಚ್ಚರಿಕೆ ಕೊಟ್ಟು ಧೈರ್ಯವಾಗಿ ಹೇಳಿ. ತಿರುವನ್ನು ಮುಚ್ಚಿಡುವ ಹಟಕ್ಕೆ ಬಿದ್ದು, ‘ಕೊನೆಗೆ ನಡೆಯುವ ಒಂದು ಘಟನೆ’ ಎಂದು ಸುತ್ತಿ ಬಳಸಿ ಬರೆದ ಬರಹ ಪುಸ್ತಕ ಓದಿದವರಿಗೂ ಓದದವರಿಗೂ ಪ್ರಯೋಜನಕ್ಕೆ ಬರುವುದಿಲ್ಲ.

ಕಾದಂಬರಿಯ ಮುಂದೆ

ಕಾದಂಬರಿಯ ಬಗ್ಗೆ ಬರೆಯುವಾಗ ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ಕಥೆಯನ್ನು ಹೇಳುತ್ತಿರುವವರು ಯಾರು ಎಂಬುದು. ‘ನಾನು’ ಎಂದು ಹೇಳುವ ಪಾತ್ರ ಲೇಖಕರಲ್ಲ. ಆ ಪಾತ್ರದ ಮಾತನ್ನು ಪೂರ್ತಿ ನಂಬಬೇಕೆಂಬ ನಿಯಮವೂ ಇಲ್ಲ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ನಂಬಲರ್ಹನಲ್ಲದ ನಿರೂಪಕನ ಪರಿಕಲ್ಪನೆಯನ್ನು ಮುಂದಿಟ್ಟ ಮೇಲೆ ವಿಮರ್ಶೆಯಲ್ಲಿ ಇದು ಸಾಮಾನ್ಯ ತಿಳಿವಳಿಕೆಯಾಗಿದೆ. ಆದರೂ ಪಾತ್ರವೊಂದು ಆಡಿದ ಒರಟು ಮಾತನ್ನು ಲೇಖಕರ ತಲೆಗೆ ಕಟ್ಟುವುದು ಓದುಗರ ಬರಹಗಳಲ್ಲಿ ಇಂದಿಗೂ ನಿಂತಿಲ್ಲ. ಪಾತ್ರದ ಮಾತಿಗೂ ಕಾದಂಬರಿಯ ಒಟ್ಟು ನಿಲುವಿಗೂ ಅಂತರವಿದೆಯೇ ಎಂದು ಒಮ್ಮೆ ಪರೀಕ್ಷಿಸಿ, ಅಂತರವಿಲ್ಲವೆಂದು ಕಂಡರೆ ಅದನ್ನು ತೋರಿಸಿ ದೂರಬಹುದು. ಹಾಗೆಯೇ ಒಂದು ಪಾತ್ರ ಹಿಡಿಸಲಿಲ್ಲವೆಂಬುದು ಕಾದಂಬರಿಯ ಮೇಲಿನ ದೂರಾಗುವುದಿಲ್ಲ. ಜಿಪುಣನೊಬ್ಬನ ಬಗ್ಗೆ ನಮಗೆ ಮುನ್ನೂರು ಪುಟಗಳುದ್ದಕ್ಕೂ ಅಸಹ್ಯ ಹುಟ್ಟಿದ್ದರೆ ಲೇಖಕರು ಗೆದ್ದಿರುವ ಸಾಧ್ಯತೆಯೇ ಹೆಚ್ಚು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ನಮ್ಮ ಬದುಕನ್ನು ಬರಹದಲ್ಲಿ ಎಷ್ಟು ತರಬೇಕೆಂಬುದು. ‘ಇದು ನನ್ನದೇ ಕಥೆ ಎನಿಸಿತು’ ಎಂಬುದು ಓದುಗರು ಕೊಡಬಲ್ಲ ದೊಡ್ಡ ಮನ್ನಣೆಯೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಈ ವಿಷಯದಲ್ಲಿ ಕಾವ್ಯಮೀಮಾಂಸೆಯ ಹಳೆಯ ಮಾತೊಂದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೆಸರಿಸಿದ. ಅವುಗಳಲ್ಲಿ ಒಂದು, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು. ಮನೆಯ ಚಿಂತೆಯಲ್ಲಿ ಮುಳುಗಿದವನಿಗೆ ರಂಗದ ಮೇಲಿನದು ಹೇಗೆ ತಾನೆ ತಲುಪೀತು? ನಾಟಕಕ್ಕಾದರೆ ಈ ವಿಘ್ನವನ್ನು ಕಳೆಯಲು ವಾದ್ಯ, ಗಾನ, ಅಲಂಕರಿಸಿದ ಮಂಟಪಗಳಿವೆ ಎಂದು ಅವನು ಹೇಳುತ್ತಾನೆ. ಕಾದಂಬರಿ ಓದುವವರಿಗೆ ಆ ಅನುಕೂಲವಿಲ್ಲದಿರುವುದರಿಂದ ತಮ್ಮ ಮನಸ್ಸನ್ನು ತಾವೇ ಪಕ್ಕಕ್ಕಿಟ್ಟು ಕುಳಿತುಕೊಳ್ಳಬೇಕು. ಈ ವಿಚಾರವನ್ನೆಲ್ಲ ಕನ್ನಡದಲ್ಲೇ ವಿವರವಾಗಿ ತಿಳಿಯಬೇಕೆನ್ನುವವರಿಗೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಿಂದಲೂ ಕೈಗೆಟುಕುವಂತಿದೆ.

ಇದಕ್ಕೆ ಬಹಳ ಹತ್ತಿರದ ಸಂಗತಿಯನ್ನು ಬೇರೆಯೇ ದಾರಿಯಲ್ಲಿ ಕಂಡುಕೊಂಡವನು ಇಂಗ್ಲೆಂಡಿನ ವಿಮರ್ಶಕ ಐ.ಎ. ರಿಚರ್ಡ್ಸ್. ಕೇಂಬ್ರಿಜ್‌ನಲ್ಲಿ ಅವನು ಕವಿಯ ಹೆಸರು ತೆಗೆದ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದುಕೊಟ್ಟ ಅನಿಸಿಕೆಗಳನ್ನು ಒಟ್ಟುಮಾಡಿ 1929ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಓದು ಎಡವುವ ಕಾರಣಗಳ ಪಟ್ಟಿಯಲ್ಲಿ ಅವನು ಸೇರಿಸಿದ ಎರಡು ಸಂಗತಿಗಳು ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಪದ್ಯಕ್ಕೆ ಸಂಬಂಧವಿಲ್ಲದ ಸ್ವಂತ ನೆನಪೊಂದು ನುಗ್ಗಿ ಪದ್ಯದ ಜಾಗವನ್ನು ಆಕ್ರಮಿಸುವುದು ಒಂದು; ತಾಯಿ, ತಾಯ್ನಾಡು, ಸಾವು ಮೊದಲಾದ ವಿಷಯ ಬಂದ ಕೂಡಲೇ ಪದ್ಯವನ್ನು ನೋಡದೆ, ಒಳಗೆ ಸಿದ್ಧವಾಗಿದ್ದ ಭಾವನೆಯನ್ನೇ ಹೊರತೆಗೆಯುವುದು ಇನ್ನೊಂದು.

ಹಾಗೆಂದು ಸ್ವಂತ ಬದುಕನ್ನು ಪೂರ್ತಿಯಾಗಿ ಹೊರಗಿಟ್ಟರೆ ಅನಿಸಿಕೆಯ ಬರಹಕ್ಕೆ ಜೀವವೇ ಇರುವುದಿಲ್ಲ. ನಾನು ಅನುಸರಿಸುವ ಪರೀಕ್ಷೆ ಇಷ್ಟೇ: ನನ್ನ ನೆನಪನ್ನು ಹೇಳಿದ್ದರಿಂದ ಪುಸ್ತಕದ ಒಂದು ಪುಟ ಹೆಚ್ಚು ಸ್ಪಷ್ಟವಾಗುತ್ತದೆಯೋ, ಇಲ್ಲವೋ? ತಂದೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದವರು, ಕಾದಂಬರಿಯಲ್ಲಿ ಬರುವ ಆಸ್ಪತ್ರೆಯ ಪ್ರಕರಣದಲ್ಲಿ ಕಾಯುವಿಕೆಯ ಬೇಸರ ಎಲ್ಲೂ ಇಲ್ಲ, ಬರೀ ದುಃಖವಿದೆ, ಆದ್ದರಿಂದ ಅದು ಹೊರಗಿನಿಂದ ನೋಡಿ ಬರೆದಂತಿದೆ ಎಂದರೆ ಅದು ಬೆಲೆಯುಳ್ಳ ಮಾತು. ಆ ಅನುಭವವಿಲ್ಲದವರಿಗೆ ಅದು ಹೊಳೆಯುತ್ತಿರಲಿಲ್ಲ. ಅದೇ ವ್ಯಕ್ತಿ ಆ ಪ್ರಕರಣವನ್ನು ನೆಪಮಾಡಿಕೊಂಡು ತಂದೆಯ ಕಾಯಿಲೆಯ ಕಥೆಯನ್ನು ಎರಡು ಪುಟ ಬರೆದರೆ, ಅದು ಬೇರೆ ಬರಹ. ಅದನ್ನು ಬೇರೆಯಾಗಿಯೇ ಬರೆಯುವುದು ಒಳಿತು.

ಅನುವಾದದ ಬಗ್ಗೆ ಒಂದು ಮಾತು. ಅನುವಾದಿತ ಕಾದಂಬರಿಯಾದರೆ ಅನುವಾದಕರ ಹೆಸರನ್ನು ತಪ್ಪದೆ ಬರೆಯಬೇಕು. ‘ಲೇಖಕರ ಭಾಷೆ ಸರಳವಾಗಿದೆ’ ಎನ್ನುವ ಮುನ್ನ ನಾವು ಓದಿದ್ದು ಯಾರ ಭಾಷೆಯೆಂದು ಯೋಚಿಸಬೇಕು. ಮೂಲವನ್ನು ನೋಡದವರು ‘ಅನುವಾದ ಮೂಲಕ್ಕೆ ನಿಷ್ಠವಾಗಿದೆ’ ಎಂದು ಬರೆಯುವುದಂತೂ ಸೋಜಿಗದ ಸಂಗತಿ.

ಆತ್ಮಕಥನದ ಮುಂದೆ

ಆತ್ಮಕಥನದ ಓದುಗರು ಕಾದಂಬರಿಯ ಓದುಗರಿಗಿಂತ ಬೇರೆ ಕರಾರಿಗೆ ಒಪ್ಪಿ ಕುಳಿತಿರುತ್ತಾರೆ. ಫ್ರಾನ್ಸಿನ ವಿಮರ್ಶಕ ಫಿಲಿಪ್ ಲೆಜೆನ್ 1975ರಲ್ಲಿ ಇದನ್ನು ಆತ್ಮಕಥನದ ಒಪ್ಪಂದವೆಂದೇ ಕರೆದ: ರಕ್ಷಾಪುಟದ ಮೇಲೆ ಹೆಸರಿರುವ ಲೇಖಕ, ಕಥೆ ಹೇಳುವ ‘ನಾನು’, ಕಥೆಯೊಳಗೆ ನಡೆದಾಡುವ ವ್ಯಕ್ತಿ, ಮೂವರೂ ಒಬ್ಬರೇ ಎಂಬ ಭರವಸೆಯನ್ನು ಪುಸ್ತಕ ಕೊಡುತ್ತದೆ. ಈ ಒಪ್ಪಂದ ಇದೆಯೋ ಇಲ್ಲವೋ ಎಂಬುದರ ಮೇಲೆ ನಮ್ಮ ಪ್ರತಿಕ್ರಿಯೆ ಎಷ್ಟು ಬದಲಾಗುತ್ತದೆಂದು ತಿಳಿಯಬೇಕಾದರೆ ಎಸ್.ಎಲ್. ಭೈರಪ್ಪನವರ ಎರಡು ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಬಹುದು. 1970ರ ‘ಗೃಹಭಂಗ’ ಕಾದಂಬರಿ, 1996ರ ‘ಭಿತ್ತಿ’ ಆತ್ಮವೃತ್ತಾಂತ. ಬಡತನ, ಹೊಣೆಯರಿಯದ ತಂದೆ, ಸಂಸಾರವನ್ನು ಹೊತ್ತ ತಾಯಿ, ಪ್ಲೇಗಿನ ಸಾವುಗಳಿರುವ ಒಂದೇ ಬಾಲ್ಯ ಎರಡಕ್ಕೂ ನೆಲೆ. ಕಾದಂಬರಿಯಲ್ಲಿ ಒಂದು ಸಾವು ಬಂದಾಗ ಲೇಖಕರು ಈ ಪಾತ್ರವನ್ನು ಇಲ್ಲಿ ಏಕೆ ಸಾಯಿಸಿದರು ಎಂದು ಕೇಳುವ ಹಕ್ಕು ಓದುಗರಿಗಿದೆ. ಆತ್ಮಕಥನದಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ಆ ಸಾವನ್ನು ಎಷ್ಟು ಸಾಲಿನಲ್ಲಿ, ಯಾವ ದನಿಯಲ್ಲಿ ಹೇಳಿದರು ಎಂದಷ್ಟೇ ಕೇಳಬಹುದು.

ಬರಹದಲ್ಲಿ ಹೆಚ್ಚಿನವರು ಕಾಲು ಜಾರುವುದು ಇಲ್ಲಿಯೇ. ನೊಂದು ಬೆಂದವರ ಆತ್ಮಕಥನವನ್ನು ಓದಿ ಮುಗಿಸಿದಾಗ ಆ ಬದುಕಿನ ಬಗ್ಗೆ ಹುಟ್ಟಿದ ಗೌರವ ಪುಸ್ತಕದ ಬಗೆಗಿನ ಅಭಿಪ್ರಾಯವಾಗಿ ಬದಲಾಗಿಬಿಡುತ್ತದೆ. ಬದುಕು ದೊಡ್ಡದಿದ್ದು ಪುಸ್ತಕ ಸಾಧಾರಣವಾಗಿರಬಹುದು. ಏನೂ ನಡೆಯದ ಬದುಕನ್ನು ಕುರಿತು ಒಳ್ಳೆಯ ಪುಸ್ತಕ ಬರಬಹುದು. ಎರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಹೇಳುವುದನ್ನು ರೂಢಿಸಿಕೊಳ್ಳಬೇಕು. ‘ಎಷ್ಟು ಕಷ್ಟಪಟ್ಟಿದ್ದಾರೆ!’ ಎಂದು ಉದ್ಗರಿಸುವುದಕ್ಕಿಂತ, ಆ ಕಷ್ಟವನ್ನು ಯಾವ ಬಗೆಯಲ್ಲಿ ಹೇಳಲು ಆರಿಸಿಕೊಂಡಿದ್ದಾರೆಂದು ನೋಡಿದರೆ ಲೇಖಕರಿಗೇ ಹೆಚ್ಚು ಗೌರವ ಸಲ್ಲುತ್ತದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬಡತನವೂ ಅವಮಾನವೂ ಬರುವುದು ಬಹುಪಾಲು ನಗೆಯ ಜೊತೆಯಲ್ಲಿ. ಅದನ್ನು ಓದುತ್ತ ನಕ್ಕವರು, ನಕ್ಕದ್ದಕ್ಕೆ ಮುಜುಗರಪಟ್ಟವರು, ಆ ನಗೆ ಯಾರನ್ನು ಗುರಿಮಾಡಿದ್ದೆಂದು ಯೋಚಿಸಿದವರು ತಮ್ಮ ಅನಿಸಿಕೆಯನ್ನು ಅಲ್ಲಿಂದಲೇ ಆರಂಭಿಸಬೇಕು. ಆ ನಗೆಯನ್ನು ಬಿಟ್ಟು ‘ದಲಿತ ಬದುಕಿನ ನೋವಿನ ದಾಖಲೆ’ ಎಂದು ಬರೆದುಬಿಟ್ಟರೆ ಆ ಪುಸ್ತಕದ ಮುಖ್ಯವಾದ ಗುಣವೇ ತಪ್ಪಿಹೋಗುತ್ತದೆ.

ನೆನಪನ್ನು ನಂಬುವ ಪ್ರಶ್ನೆಯೂ ಇದೆ. ಅರವತ್ತು ವರ್ಷದ ಲೇಖಕರು ತಾವು ಆರು ವರ್ಷದವರಾಗಿದ್ದಾಗ ನಡೆದ ಸಂಭಾಷಣೆಯನ್ನು ಉದ್ಧರಣ ಚಿಹ್ನೆಗಳೊಳಗೆ ಮಾತುಮಾತಾಗಿ ಬರೆದಿದ್ದರೆ, ಅದು ಧ್ವನಿಮುದ್ರಣವಲ್ಲ, ಪುನರ್ರಚನೆ ಎಂಬುದು ಇಬ್ಬರಿಗೂ ಗೊತ್ತಿರುವ ಸಂಗತಿ. ಅದನ್ನೇ ಸುಳ್ಳೆಂದು ಹಿಡಿದುಹಾಕುವುದು ಸಣ್ಣತನ. ದಿನಚರಿಯ ರೂಪದಲ್ಲಿದ್ದರೆ ಎಲ್ಲವೂ ಆಯಾ ದಿನವೇ ಬರೆದದ್ದೆಂದು ತಿಳಿಯುವುದೂ ತಪ್ಪಾಗಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾತ್ಸಿಗಳಿಂದ ಅಡಗಿಕೊಂಡಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ 1942ರ ಜೂನ್‌ನಲ್ಲಿ ಆರಂಭಿಸಿದ ದಿನಚರಿಯನ್ನು, ಯುದ್ಧಕಾಲದ ಇಂತಹ ಬರಹಗಳನ್ನು ಸಂಗ್ರಹಿಸಬೇಕೆಂಬ ರೇಡಿಯೋ ಭಾಷಣವನ್ನು 1944ರ ಮಾರ್ಚ್‌ನಲ್ಲಿ ಕೇಳಿದ ಮೇಲೆ, ಮುಂದೆ ಪ್ರಕಟಿಸುವ ಆಸೆಯಿಂದ ಬಿಡಿ ಹಾಳೆಗಳ ಮೇಲೆ ತಾನೇ ತಿದ್ದಿ ಬರೆಯತೊಡಗಿದಳು. 1947ರಲ್ಲಿ ಪ್ರಕಟವಾದದ್ದು ಅವಳ ತಂದೆ ಎರಡೂ ಪಾಠಗಳಿಂದ ಆರಿಸಿ ಜೋಡಿಸಿದ ರೂಪ. ಇದನ್ನು ತಿಳಿದು ಓದಿದರೆ ಪುಸ್ತಕದ ಸತ್ಯವೇನೂ ಕುಂದುವುದಿಲ್ಲ. ಬಚ್ಚಿಟ್ಟುಕೊಂಡಿದ್ದ ಹುಡುಗಿಯೊಬ್ಬಳು ತನ್ನ ವಾಕ್ಯಗಳನ್ನು ತಿದ್ದುತ್ತಿದ್ದಳು, ತಾನು ಲೇಖಕಿಯಾಗಬೇಕೆಂದು ಕೆಲಸ ಮಾಡುತ್ತಿದ್ದಳು ಎಂಬುದು ಕಾಣತೊಡಗುತ್ತದೆ. ಆದ್ದರಿಂದ ಆತ್ಮಕಥನದ ಮೊದಲ ಪುಟಗಳಲ್ಲಿ, ಪ್ರಕಾಶಕರ ಅಥವಾ ಲೇಖಕರ ಅರಿಕೆಯಲ್ಲಿ, ಅದು ಯಾವಾಗ ಬರೆದದ್ದು, ಸ್ವತಃ ಬರೆದದ್ದೋ ಹೇಳಿ ಬರೆಸಿದ್ದೋ ಎಂಬ ವಿವರವಿದ್ದರೆ ಅದನ್ನು ಟಿಪ್ಪಣಿಯಲ್ಲಿ ಸೇರಿಸಿಕೊಳ್ಳಬೇಕು.

ಆತ್ಮಕಥನದಲ್ಲಿ ಬರುವ ಇತರರಿಗೆ ಉತ್ತರ ಕೊಡುವ ಅವಕಾಶವಿರುವುದಿಲ್ಲ. ಬಿಟ್ಟುಹೋದ ಗೆಳೆಯ, ಮೋಸ ಮಾಡಿದ ಅಣ್ಣ, ಮೌನವಾಗಿದ್ದ ಹೆಂಡತಿ ಎಲ್ಲರೂ ಲೇಖಕರ ಮಾತಿನಲ್ಲೇ ಕಾಣುತ್ತಾರೆ. ಅವರ ಪಾಲಿಗೂ ಒಂದು ಕಾರಣವನ್ನು ಊಹಿಸಿಕೊಳ್ಳಲು ಪುಸ್ತಕ ಜಾಗ ಬಿಟ್ಟಿದೆಯೇ ಎಂದು ನೋಡುವುದು ನನ್ನ ಮಟ್ಟಿಗೆ ಆತ್ಮಕಥನದ ಅತಿ ಮುಖ್ಯ ಪರೀಕ್ಷೆ. ಹಾಗೆಯೇ, ಏನನ್ನು ಹೇಳಿಲ್ಲ ಎಂಬುದನ್ನೂ ಗಮನಿಸಬಹುದು: ಹತ್ತು ವರ್ಷಗಳು ಅರ್ಧ ಪ್ಯಾರಾದಲ್ಲಿ ಹಾದುಹೋದರೆ, ಮಕ್ಕಳ ಹೆಸರು ಒಂದೇ ಸಲ ಬಂದರೆ, ಅದನ್ನು ಕಂಡಂತೆ ಹೇಳಿ. ಆದರೆ ಆ ಮೌನದ ಹಿಂದೆ ಇಂತಹದೇ ಕಾರಣವಿದೆಯೆಂದು ಕಥೆ ಕಟ್ಟಬಾರದು. ಇದ್ದವರ, ಇರುವವರ ಬದುಕು ಅದು. ಇಸವಿ, ಸ್ಥಳ, ಸಾರ್ವಜನಿಕ ಘಟನೆಗಳಲ್ಲಿ ತಪ್ಪು ಕಂಡರೆ ಪುಟಸಂಖ್ಯೆಯೊಂದಿಗೆ ತಿಳಿಸಿ ಮುಂದೆ ಹೋಗುವುದು ಸರಿ. ಅದೊಂದನ್ನೇ ಹಿಡಿದು ಇಡೀ ಪುಸ್ತಕವನ್ನು ತಳ್ಳಿಹಾಕುವಷ್ಟು ದೊಡ್ಡ ತಪ್ಪುಗಳು ಅಪರೂಪ.

ಹಿಡಿಸದ ಪುಸ್ತಕ, ಮುಗಿಸದ ಪುಸ್ತಕ

ಹಿಡಿಸಲಿಲ್ಲವೆಂದು ಬರೆಯುವುದಕ್ಕೆ ಹೆಚ್ಚು ಆಧಾರ ಬೇಕು, ಹಿಡಿಸಿತೆನ್ನುವುದಕ್ಕೆ ಕಡಿಮೆ ಸಾಕು ಎಂಬ ನಂಬಿಕೆಯೊಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಎರಡಕ್ಕೂ ಆಧಾರ ಒಂದೇ ಬಗೆಯದು, ಪುಟದಿಂದ ಬಂದದ್ದು. ಹಿಡಿಸದ ಪುಸ್ತಕದ ಬಗ್ಗೆ ಬರೆಯುವಾಗ, ಅದು ಏನು ಮಾಡಹೊರಟಿತ್ತು ಎಂಬುದನ್ನು ಅದನ್ನು ಮೆಚ್ಚಿದವರೂ ಒಪ್ಪುವಂತೆ ಮೊದಲು ಹೇಳಿ, ಆಮೇಲೆ ಎಲ್ಲಿ ತಪ್ಪಿತೆಂದು ತೋರಿಸಬೇಕು. ಪತ್ತೇದಾರಿ ಕಾದಂಬರಿಯಲ್ಲಿ ತತ್ತ್ವಚಿಂತನೆ ಇಲ್ಲವೆಂದು ದೂರುವುದು ಅದು ಮಾಡಹೊರಡದ ಕೆಲಸಕ್ಕೆ ದಂಡ ಹಾಕಿದಂತೆ. ಲೇಖಕರ ಉದ್ದೇಶ, ಸ್ವಭಾವ, ಖಾಸಗಿ ಬದುಕು ಇವುಗಳ ಮೇಲೆ ಒಂದು ಮಾತೂ ಬೇಡ.

ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ಬರೆಯಬಹುದು, ಎಷ್ಟನೆಯ ಪುಟದಲ್ಲಿ ಬಿಟ್ಟಿರೆಂದು ಮೊದಲ ವಾಕ್ಯದಲ್ಲೇ ಹೇಳುವುದಾದರೆ. ಏಕೆ ಬಿಟ್ಟಿರೆಂಬುದು ಕೆಲವು ಸಲ ಪೂರ್ತಿ ಓದಿದವರ ಮೆಚ್ಚುಗೆಗಿಂತ ಹೆಚ್ಚು ತಿಳಿಸುತ್ತದೆ.

ಹಲವು ಪುಸ್ತಕಗಳನ್ನು ಒಟ್ಟಿಗೆ ಬರೆಯುವಾಗ

ಇತ್ತೀಚೆಗೆ ಓದಿದ ಐದಾರು ಪುಸ್ತಕಗಳ ಬಗ್ಗೆ ಒಂದೇ ಬರಹದಲ್ಲಿ ಹೇಳಬೇಕಾದಾಗ, ಎಲ್ಲಕ್ಕೂ ಸಮನಾಗಿ ಜಾಗ ಹಂಚುವ ದಾಕ್ಷಿಣ್ಯಕ್ಕೆ ಒಳಗಾಗಬಾರದು. ಒಂದು ಪುಸ್ತಕಕ್ಕೆ ಎರಡು ಪುಟ, ಇನ್ನೊಂದಕ್ಕೆ ಎರಡು ಸಾಲು ಬಂದರೆ ಆ ಅಳತೆಯೇ ಒಂದು ಅಭಿಪ್ರಾಯವನ್ನು ಹೇಳುತ್ತದೆ. ಎಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸುವ ಹಟವೂ ಬೇಡ. ಅಕಸ್ಮಾತ್ತಾಗಿ ಒಂದರ ಹಿಂದೆ ಒಂದು ಓದಿದ ಪುಸ್ತಕಗಳ ನಡುವೆ ಸಂಬಂಧವಿಲ್ಲದಿರುವುದೇ ಸಹಜ. ಆದರೆ ಓದಿದ ಕ್ರಮ ಓದಿನ ಮೇಲೆ ಪ್ರಭಾವ ಬೀರಿರುತ್ತದೆಂಬುದನ್ನು ಮರೆಯಬಾರದು: ಬಿಗಿಯಾದ ಕಿರುಕಾದಂಬರಿಯೊಂದನ್ನು ಮುಗಿಸಿದ ಮರುದಿನವೇ ಎತ್ತಿಕೊಂಡ ಎಂಟುನೂರು ಪುಟದ ಕಾದಂಬರಿ ಇರುವುದಕ್ಕಿಂತ ಜಾಳಾಗಿ ಕಂಡರೆ ಆಶ್ಚರ್ಯವಿಲ್ಲ. ಹಾಗಾಗಿದೆಯೆಂಬ ಅನುಮಾನ ಬಂದರೆ ಓದಿದ ಕ್ರಮವನ್ನೂ ಬರೆದುಬಿಡಿ.

ತಿದ್ದುವಾಗ

ಉದ್ಧರಿಸುವ ಸಾಲುಗಳನ್ನು ನೆನಪಿನಿಂದ ಬರೆಯದೆ, ಪುಸ್ತಕವನ್ನು ತೆರೆದಿಟ್ಟುಕೊಂಡು ಅಕ್ಷರಅಕ್ಷರವಾಗಿ ನೋಡಿ ಬರೆಯಬೇಕು. ಇಡೀ ಬರಹದಲ್ಲಿ ಎರಡು ಮೂರು ಚಿಕ್ಕ ಉದ್ಧರಣೆಗಳು ಸಾಕು. ಒಂದೊಂದರ ಹಿಂದೆಯೂ ಅದನ್ನು ಏಕೆ ಎತ್ತಿಕೊಂಡಿರೆಂದು ಹೇಳುವ ನಿಮ್ಮ ಒಂದು ವಾಕ್ಯವಿರಬೇಕು. ಪುಸ್ತಕದ ಹೆಸರು, ಲೇಖಕರು, ಅನುವಾದಕರು, ಪ್ರಕಾಶನ, ನೀವು ಓದಿದ ಮುದ್ರಣದ ವರ್ಷ ಇವನ್ನು ಒಂದೆಡೆ ಕೊಡಿ, ಏಕೆಂದರೆ ಮುದ್ರಣ ಬದಲಾದರೆ ನಿಮ್ಮ ಪುಟಸಂಖ್ಯೆಗಳು ಬೇರೆಯವರಿಗೆ ಹೊಂದುವುದಿಲ್ಲ. ಲೇಖಕರು ಪರಿಚಿತರಾಗಿದ್ದರೆ, ಪುಸ್ತಕ ಉಡುಗೊರೆಯಾಗಿ ಬಂದದ್ದಾದರೆ ಅದನ್ನೂ ಹೇಳಬೇಕು.

ಕರಡನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡು, ‘ಓದುಗರಿಗೆ ಹೀಗನಿಸುತ್ತದೆ’ ಎಂದು ಬರೆದಲ್ಲೆಲ್ಲ ‘ನನಗೆ ಹೀಗನಿಸಿತು’ ಎಂದು ತಿದ್ದಿ. ಎಲ್ಲ ಓದುಗರ ಪರವಾಗಿ ಮಾತನಾಡುವ ಅಧಿಕಾರ ಯಾರಿಗೂ ಇಲ್ಲ. ‘ನನಗೆ’ ಎಂದ ಕೂಡಲೇ ಅದಕ್ಕೆ ಕಾರಣ ಕೊಡಬೇಕೆಂಬ ಒತ್ತಡವೂ ತಾನಾಗಿ ಬರುತ್ತದೆ. ಇಷ್ಟಾದ ಮೇಲೆ ದಿನಾಂಕ ಹಾಕಿಡಿ. ಕೆಲವು ವರ್ಷಗಳ ಬಳಿಕ ಅದೇ ಪುಸ್ತಕವನ್ನು ಮತ್ತೆ ಓದಿ ಅಭಿಪ್ರಾಯ ಬದಲಾದರೆ ಹಳೆಯದನ್ನು ಅಳಿಸದೆ, ಅದರ ಕೆಳಗೆ ಹೊಸ ದಿನಾಂಕದೊಂದಿಗೆ ಹೊಸ ಅನಿಸಿಕೆಯನ್ನು ಬರೆದು, ಯಾವ ಪುಟ ಈಗ ಬೇರೆಯಾಗಿ ಕಂಡಿತೆಂದು ಗುರುತಿಸಿ.